ಮಾತ್ರೆ ಕೊಟ್ಟವನ ಕೇಸು

ಆ ಹಾಸಿಗೆಯ ಸುತ್ತ ನಿಂತಿದ್ದವರು ಯಾರು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಇನ್‌ಸ್ಪೆಕ್ಟರ್ ಶಿವಾನಂದ ಸಾಹೇಬರು, ಟ್ರೈನಿಂಗ್ ಮುಗಿಸಿ ಆಗಷ್ಟೇ ಬಂದಿದ್ದ ಪಿಎಸ್‌ಐ ವಿನಯ್, ಊರಿನ ಹಿರಿಯ ಓಬಳಪ್ಪಜ್ಜ, ಅವನ ಪಕ್ಕದಲ್ಲಿ ಅವನ ತಮ್ಮನ ಮಗ, ಜೀಪಿನ ಡ್ರೈವರ್, ಮತ್ತು ಹೆಡ್ ಕಾನ್‌ಸ್ಟೆಬಲ್ ಆಗಿದ್ದ ನಾನು. ಜಾಗ ಜಗಳೂರು ತಾಲ್ಲೂಕಿನ ಒಂದು ಕೆರೆಯ ಕೋಡಿ. ಬಳ್ಳಾರಿ ಜಾಲಿಯ ಬುಡದಲ್ಲಿ ಒಂದು ಕೌದಿ, ಒಂದು ದಿಂಬು, ಒಂದು ಅಂಗಿ ಬಿದ್ದಿದ್ದವು. ನಾವೆಲ್ಲ ಅದನ್ನು ಹಾವು ನೋಡಿದ ಹಾಗೆ ದೂರ ನಿಂತು ನೋಡುತ್ತಿದ್ದೆವು.

ಅದು ಸತ್ತವನ ಹಾಸಿಗೆ. ಈ ಸೀಮೆಯಲ್ಲಿ ಮನೆಯಲ್ಲಿ ಸಾವಾದರೆ ಮೂರನೇ ದಿನ ಸತ್ತವರು ಮಲಗಿದ ಹಾಸಿಗೆ, ದಿಂಬು, ತೊಟ್ಟ ಬಟ್ಟೆಯನ್ನು ಊರಾಚೆ ಹಾಕಿ, ಹಿಂದಕ್ಕೆ ತಿರುಗಿ ನೋಡದೆ ಬರುತ್ತಾರೆ. ಆಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ನಮಗೋ ಅದನ್ನು ಮುಟ್ಟಲೇಬೇಕಾಗಿತ್ತು. ಮುಟ್ಟಿದ್ದನ್ನು ನೋಡಿದೆವೆಂದು ಸಹಿ ಹಾಕಲು ಊರಿನ ಇಬ್ಬರು ಪಂಚರೂ ಬೇಕಾಗಿತ್ತು.

ಪೊಲೀಸ್ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳು ನನ್ನನ್ನು ಕೇಳುವುದು ಹೆಚ್ಚಾಗಿ ಬಡ್ತಿಯ ಬಗ್ಗೆ, ವರ್ಗಾವಣೆಯ ಬಗ್ಗೆ. ಅವೆರಡೂ ತಾವಾಗಿಯೇ ಬರುತ್ತವೆ, ತಾವಾಗಿಯೇ ಹೋಗುತ್ತವೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ನಾಲ್ಕು ತಾಲ್ಲೂಕು ಸುತ್ತಿ ಎಎಸ್‌ಐ ಆಗಿ ಮನೆಗೆ ಬಂದೆ. ಅಷ್ಟು ಸಾಕು. ನಾನು ಬರೆಯಬೇಕೆಂದಿರುವುದು ಬೇರೆ. ನ್ಯಾಮತಿಯಲ್ಲಿ ನನ್ನ ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿತ ಹಳ್ಳಿಯವರ ಮಾತಿನ ರೀತಿ, ನನ್ನ ಸೊಂಟದ ಬೆಲ್ಟಿಗಿಂತ, ಕೈಯ ಲಾಠಿಗಿಂತ ಹೆಚ್ಚು ಕೆಲಸಕ್ಕೆ ಬಂತು ಎನ್ನುವುದನ್ನು.

ಅದಕ್ಕೆ ಮೊದಲು ಒಂದು ನಗೆಪಾಟಲಿನ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಹೊನ್ನಾಳಿ ಕಡೆಯ ಒಂದು ಠಾಣೆ, ಯಾವುದೆಂದು ಹೇಳುವುದಿಲ್ಲ. ಯಾವುದೋ ಹೊಲದ ಮಧ್ಯೆ ಬೆಳೆದಿದ್ದ ಗಾಂಜಾ ಗಿಡ ಕಿತ್ತು ತಂದಿದ್ದರು. ಹಸಿ ಗಿಡ ಕಟ್ಟಿಟ್ಟರೆ ಕೊಳೆಯುತ್ತದೆ ಎಂದು ಒಣಗಲಿಕ್ಕೆ ತಾರಸಿಯ ಮೇಲೆ ಹರವಿದರು. ಪಕ್ಕದ ಮನೆಯ ಆಡು ಗೋಡೆ ಹಾರಿ ಬಂತು. ನಾವು ನೋಡುವಷ್ಟರಲ್ಲಿ ಜಪ್ತಿಯಾದ ಮುದ್ದೆಮಾಲಿನಲ್ಲಿ ಅರ್ಧ ಅದರ ಹೊಟ್ಟೆಯಲ್ಲಿತ್ತು. ಆಡು ತಾರಸಿಯ ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟಿತ್ತು. ಅದರ ಒಡತಿ ಬಂದು, "ನನ್ನ ಆಡಿಗೆ ಏನು ಹಾಕಿದ್ರಿ ನೀವು? ಕರೆದ್ರೆ ತಿರುಗೇ ನೋಡಾಕೆ ಒಲ್ಲದು!" ಎಂದು ಠಾಣೆಯ ಬಾಗಿಲಲ್ಲಿ ಕೂಗಾಡಿದಳು. ಹಳೆಯ ದಫೇದಾರರು ಗಂಭೀರವಾಗಿ, "ಅವ್ವಾ, ನಿನ್ನ ಆಡಿನ ಮೇಲೇ ಕೇಸು ಹಾಕಬೇಕಾಗ್ತೈತೆ. ಸುಮ್ನೆ ಹೊಡ್ಕೊಂಡು ಹೋಗು" ಎಂದರು. ಆಡೇನೋ ಮರುದಿನ ಸರಿಹೋಯಿತು. ನಮ್ಮ ಕೇಸು ಸರಿಹೋಗಲಿಲ್ಲ. ಹಿಡಿದ ವಸ್ತುವನ್ನು ಹಿಡಿದ ಜಾಗದಲ್ಲೇ, ಹಿಡಿದ ಗಳಿಗೆಯಲ್ಲೇ ಕಟ್ಟಿ ಅರಗಿನ ಮೊಹರು ಒತ್ತದಿದ್ದರೆ ಅದು ಸಾಕ್ಷಿ ಅಲ್ಲ, ಬರೀ ಸೊಪ್ಪು ಎಂದು ಅವತ್ತು ಕಲಿತೆ.

ಈಗ ಕೆರೆಕೋಡಿಗೆ ಬರೋಣ.

ಸತ್ತವನು ಅಂಜಿನಿ. ಮೆಕ್ಕೆಜೋಳ ಒಕ್ಕುವ ಮಿಷನ್ನಿನ ಜೊತೆ ಊರೂರು ಹೋಗಿ ಚೀಲ ಹೊರುವ ಕೆಲಸ ಅವನದು. ಅಪ್ಪ ಇಲ್ಲ, ತಾಯಿ ಹಾಲಮ್ಮ ಒಬ್ಬಳೇ. ಒಂದು ಬೆಳಿಗ್ಗೆ ಎಬ್ಬಿಸಲು ಹೋದರೆ ಮಗ ಏಳಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಜನ ಎದೆನೋವು ಎಂದರು. ಡಾಕ್ಟರ್ ಮಾತ್ರ ಅವನ ಕಣ್ಣಿನ ಪಾಪೆ, ತುಟಿಯ ಬಣ್ಣ ನೋಡಿ, "ಪೋಸ್ಟ್‌ಮಾರ್ಟಮ್ ಮಾಡದೆ ಕೊಡಲ್ಲ" ಎಂದು ಹಟ ಹಿಡಿದರು. ಆ ಹಟ ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೈನೋವಿಗೆಂದು ಮಾರುವ, ಡಾಕ್ಟರ ಚೀಟಿ ಇಲ್ಲದೆ ಯಾರೂ ಕೊಡಬಾರದ ಮಾತ್ರೆಯನ್ನು ಅವನು ಮಿತಿಮೀರಿ ನುಂಗಿದ್ದನೆಂದು ಆಮೇಲೆ ಪ್ರಯೋಗಾಲಯ ಹೇಳಿತು. ಹೊಟ್ಟೆಯಲ್ಲಿ ಮಾತ್ರೆ ಇತ್ತು, ಸರಿ. ಅದನ್ನು ಕೊಟ್ಟ ಕೈ ಯಾವುದು?

ವಿನಯ್ ಸಾಹೇಬರು ಬೆಂಗಳೂರು ಕಡೆಯವರು, ಚುರುಕು ಮನುಷ್ಯ. ನಾಲ್ಕನೇ ದಿನ ಮನೆ ಶೋಧಿಸಿದರು. ಗಡಿಗೆ, ಅಟ್ಟ, ದೇವರ ಗೂಡು ಎಲ್ಲ ನೋಡಿದರು. ಸಗಣಿ ಸಾರಿಸಿ ಮನೆ ಚೊಕ್ಕವಾಗಿತ್ತು, ಏನೂ ಸಿಗಲಿಲ್ಲ. ಸಾಹೇಬರು ಜೀಪು ಹತ್ತುತ್ತಿದ್ದರು. ನಾನು ಮೂಲೆಯಲ್ಲಿ ಕೂತಿದ್ದ ಹಾಲಮ್ಮನ ಪಕ್ಕ ನೆಲಕ್ಕೆ ಕೂತು, "ಅವ್ವಾ, ಅವನು ಮಲಗ್ತಿದ್ದ ದಿಂಬು ಕಾಣ್ತಿಲ್ಲಲ್ಲ?" ಎಂದೆ.

"ನಿನ್ನೆ ಮೂರನೇ ದಿನ ಆತಲ್ಲವ್ವಾ. ಕೋಡಿ ಹತ್ರ ಹಾಕಿ ಬಂದ್ರು" ಎಂದಳು.

ಯಾರೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಹೇಳಬೇಕಾದ ಸಂಗತಿ ಅದು ಎಂದು ಊರವರಿಗೆ ಹೊಳೆಯುವುದಾದರೂ ಹೇಗೆ?

ಹೀಗೆ ಕೋಡಿಯ ಹತ್ತಿರ ಬಂದು ನಿಂತಿದ್ದೆವು. ಪಂಚರಾಗಲು ಒಪ್ಪಿ ಬಂದಿದ್ದ ಓಬಳಪ್ಪಜ್ಜ ಹಾಸಿಗೆ ಕಂಡದ್ದೇ ಹಿಂದೆ ಸರಿದ.

"ಏಯ್, ಇದೇನು ತಾಯಿ, ಸಾವಿನ ಹಾಸಿಗಿ ಮುಂದೆ ತಂದು ನಿಲ್ಲಿಸೀರಿ! ಇನ್ನು ಮನೆಗೆ ಹೆಂಗೆ ಹೋಗ್ಲಿ ನಾನು?"

ವಿನಯ್ ಸಾಹೇಬರು, "ರೀ, ಸರ್ಕಾರಿ ಕೆಲಸ ಇದು, ನಿರಾಕರಿಸಿದರೆ ನಿಮ್ಮ ಮೇಲೆ..." ಎಂದು ಶುರುಮಾಡಿದರು. ಶಿವಾನಂದ ಸಾಹೇಬರು ಅವರ ತೋಳು ಹಿಡಿದು ನನ್ನ ಕಡೆ ನೋಡಿದರು. ಅವರು ಯಾವಾಗಲೂ ಹಾಗೆ. ತಾವು ಮಾತಾಡಬೇಕಾದ ಕಡೆ ಮಾತಾಡುತ್ತಿದ್ದರು, ಬೇರೆಯವರು ಮಾತಾಡಬೇಕಾದ ಕಡೆ ಸುಮ್ಮನಿರುತ್ತಿದ್ದರು. ಅಂಥ ಮೇಲಧಿಕಾರಿ ಸಿಗುವುದು ಪುಣ್ಯ.

"ಅಜ್ಜಾ, ಮುಟ್ಟಾಕೆ ನಾನಿದೀನಿ" ಎಂದೆ. "ನೀವು ಅಲ್ಲೇ ನಿಂತು ನೋಡ್ರಿ ಸಾಕು. ನೋಡೋ ಕಣ್ಣಿಗೂ ಮೈಲಿಗೆ ಐತೇನು?"

"ಕಣ್ಣಿಗೆಲ್ಲಿ ಮೈಲಿಗಿ? ಕಣ್ಣಿಗಿಲ್ಲ." ಅಜ್ಜ ಸ್ವಲ್ಪ ಯೋಚಿಸಿದ. "ಸೈನು ಹಾಕೋ ಕೈಗೆ?"

"ಪೆನ್ನು ನಂದು. ಕಾಗದ ಸರ್ಕಾರದ್ದು. ನಿಮ್ದು ಬರೀ ಹೆಸರು."

"ಹೆಸರು ನಮ್ಮಪ್ಪ ಇಟ್ಟಿದ್ದು" ಎಂದ ಅಜ್ಜ. "ಅದಕ್ಕೇನೂ ಆಗಂಗಿಲ್ಲ ಬಿಡು. ಮಾಡ್ರಿ, ಮಾಡ್ರಿ. ಆದ್ರೆ ನೀನು ಮೈಮೇಲೆ ನೀರು ಹಾಕ್ಕೊಂಡೇ ಊರಾಗೆ ಬರಬೇಕು ನೋಡು."

ನಾನು ಕೈಗೆ ಗವಸು ಹಾಕಿಕೊಂಡು ಕೌದಿ ಬಿಡಿಸಿದೆ, ಅಂಗಿಯ ಜೇಬು ನೋಡಿದೆ. ಕೊನೆಗೆ ದಿಂಬಿನ ಗವಸಿನೊಳಗೆ ಕೈ ಹಾಕಿದಾಗ ಮಾತ್ರೆಯ ಶೀಟು ಸಿಕ್ಕಿತು. ಒಂದೆರಡು ಮಾತ್ರೆ ಇನ್ನೂ ಉಳಿದಿದ್ದವು. ಹಿಂದೆ ಅಚ್ಚೊತ್ತಿದ ಬ್ಯಾಚ್ ನಂಬರ್ ಸ್ವಲ್ಪವೂ ಅಳಿಸಿರಲಿಲ್ಲ. ಮುಟ್ಟಬಾರದೆಂಬ ಪದ್ಧತಿಯೇ ಅದನ್ನು ನಮಗಾಗಿ ಕಾಯ್ದಿಟ್ಟಿತ್ತು. ಅಲ್ಲೇ ಕಟ್ಟಿ, ಅಲ್ಲೇ ಅರಗು ಕರಗಿಸಿ ಮೊಹರು ಒತ್ತಿ, ಅಜ್ಜನದೂ ಅವನ ತಮ್ಮನ ಮಗನದೂ ಸಹಿ ಪಡೆದೆವು. ಆಮೇಲೆ ನಾನು ಅಜ್ಜನ ಕಣ್ಣೆದುರಿಗೇ ಕೆರೆಗಿಳಿದು, ಯೂನಿಫಾರ್ಮ್ ಸಮೇತ ತಲೆ ಮೇಲೆ ನೀರು ಸುರಿದುಕೊಂಡು ಬಂದೆ. ವಿನಯ್ ಸಾಹೇಬರು ಕಣ್ಣು ಪಿಳಿಪಿಳಿ ಬಿಟ್ಟರು. ನನಗೆ ಮೈಲಿಗೆಯಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅದು ಬೇರೆ ಮಾತು. ಅಜ್ಜನಿಗೆ ಕೊಟ್ಟ ಮಾತು ಅದು. ಮುಂದೆ ಕೋರ್ಟಿನಲ್ಲಿ ಎಷ್ಟೋ ಪಂಚರು "ಠಾಣೆಗೆ ಕರೆಸಿ ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡರು" ಎಂದು ಉಲ್ಟಾ ಹೊಡೆಯುವುದನ್ನು ನೋಡಿದ್ದೇನೆ. ಓಬಳಪ್ಪಜ್ಜ ಮಾತ್ರ ಕಟಕಟೆಯಲ್ಲಿ ನಿಂತು, "ಸುಳ್ಳು ಯಾಕೆ ಹೇಳಲಿ ಸಾಮಿ? ಆಯಮ್ಮ ನನ್ನೆದುರಿಗೇ ತೆಗೆದ್ಲು, ನನ್ನೆದುರಿಗೇ ಮಿಂದ್ಲು" ಎಂದ.

ಈಗ ಕಾಲ ಬದಲಾಗಿದೆ. ಹೊಸ ಕಾನೂನಿನಲ್ಲಿ ಶೋಧವನ್ನೂ ಜಪ್ತಿಯನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಬೇಕು. ಒಳ್ಳೆಯದೇ. ಆದರೆ ಯಂತ್ರಕ್ಕೂ ಬುದ್ಧಿ ಹೇಳುವವರು ಬೇಕು. ನನ್ನ ಸರ್ವಿಸಿನ ಕೊನೆಯ ತಿಂಗಳುಗಳಲ್ಲಿ ಹೊಸ ಹುಡುಗನೊಬ್ಬ ಮಹಜರನ್ನು ಶ್ರದ್ಧೆಯಿಂದ ವಿಡಿಯೋ ಮಾಡಿದ. ಠಾಣೆಗೆ ಬಂದು ಹಾಕಿ ನೋಡಿದರೆ ಕ್ಯಾಮೆರಾ ಅವನ ಕಡೆಗೇ ತಿರುಗಿತ್ತು. ಉದ್ದಕ್ಕೂ ಅವನ ಮೂಗು, ಹಿಂದೆ ಆಕಾಶ, ನಡುನಡುವೆ ನಮ್ಮ ಧ್ವನಿ. "ಇರಲಿ ಬಿಡಪ್ಪ, ನಿನಗೆ ಹೆಣ್ಣು ನೋಡುವಾಗ ಇದನ್ನೇ ಅವರ ಮನೆಗೆ ಕಳಿಸಬಹುದು" ಎಂದು ಎಲ್ಲರೂ ರೇಗಿಸಿದರು. ಪುಣ್ಯಕ್ಕೆ ಇನ್ನೊಬ್ಬ ಕಾನ್‌ಸ್ಟೆಬಲ್ಲೂ ವಿಡಿಯೋ ಮಾಡಿದ್ದ.

ಬ್ಯಾಚ್ ನಂಬರಿನ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಚನ್ನಗಿರಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ಲೋಕೇಶನ ಬಳಿಗೆ ಒಯ್ದಿತು. ಎಲ್ಲರ ಬಾಯಲ್ಲಿ ಲೋಕಿ. ಆ ಬ್ಯಾಚು ತರಿಸಿದ್ದ ಔಷಧಿ ಅಂಗಡಿಯಲ್ಲಿ ಹಿಂದೆ ಕೆಲಸಕ್ಕಿದ್ದು, ಅಲ್ಲಿಂದ ಹೊರಹಾಕಿಸಿಕೊಂಡಿದ್ದ. ಒಕ್ಕಣೆ ಮಿಷನ್ ಎಲ್ಲಿ ಹೋದರೆ ಅಲ್ಲಿಗೆ ಬೈಕಿನಲ್ಲಿ ಹೋಗುತ್ತಿದ್ದ. ಇವತ್ತು ಸವಳಂಗ, ನಾಳೆ ಹೊನ್ನಾಳಿ, ನಾಡಿದ್ದು ಜಗಳೂರು. ಚೀಲ ಹೊತ್ತು ಬೆನ್ನು ಮುರಿದುಕೊಂಡವರಿಗೆ, "ಇದೊಂದು ಹಾಕ್ಕೋ, ನಾಳೆ ಎರಡರಷ್ಟು ಚೀಲ ಹೊರ್ತೀಯ" ಎನ್ನುತ್ತಿದ್ದ. ಮೊದಲು ನೋವಿಗೆಂದು, ಆಮೇಲೆ ಅದಿಲ್ಲದೆ ಆಗದು ಎಂದು. ಅವನ ಕೋಣೆಯಲ್ಲಿ ಅದೇ ಬ್ಯಾಚಿನ ಶೀಟುಗಳು ಸಿಕ್ಕವು.

ಚೀಟಿ ಇಲ್ಲದೆ ಮಾತ್ರೆ ಮಾರಿದ್ದಕ್ಕೆ ಲೋಕಿಯ ಮೇಲೆ ಕೇಸು ಹಾಕುವುದು ಕಷ್ಟವಿರಲಿಲ್ಲ. ಆದರೆ ಒಂದು ಜೀವ ಹೋಗಿದೆಯಲ್ಲ, ಅದಕ್ಕೆ ಹೊಣೆ ಯಾರು? ಹಾಲಮ್ಮ ಠಾಣೆಗೆ ಬಂದು ಹೊಣೆಗಾರನ ಹೆಸರು ಹೇಳಿದಳು. ಆದರೆ ಅವಳು ಹೇಳಿದ್ದು ಲೋಕಿಯ ಹೆಸರಲ್ಲ.

"ಆ ತಿಪ್ಪೇಶನ್ನ ಒಳಗೆ ಹಾಕ್ರಿ. ನನ್ನ ಮಗನಿಗೆ ಈ ಹಾದಿ ತೋರಿಸಿದೋನು ಅವನು. ಎರಡು ಹೊತ್ತು ನನ್ನ ಮನ್ಯಾಗೆ ಉಂಡಾನೆ. ಅವನಿಗೆ ಶಿಕ್ಷೆ ಆಗ್ಲಿಲ್ಲ ಅಂದ್ರೆ ನನ್ನ ಮಗ ಸುಮ್ನೆ ಸತ್ತಂಗೆ."

ತಿಪ್ಪೇಶ ಅಂಜಿನಿಯ ಗೆಳೆಯ, ಅದೇ ಮಿಷನ್ನಿನ ಕೂಲಿ. ಲೋಕಿಯನ್ನು ಅಂಜಿನಿಗೆ ತೋರಿಸಿದ್ದು ಅವನೇ, ನಿಜ. ಅವನೂ ಮಾತ್ರೆ ನುಂಗುತ್ತಿದ್ದ, ನಿಜ. ವಿನಯ್ ಸಾಹೇಬರಿಗೆ ಅವನನ್ನು ಎರಡನೇ ಆರೋಪಿ ಮಾಡುವುದು ಸರಿ ಅನಿಸಿತ್ತು.

ಶಿವಾನಂದ ಸಾಹೇಬರು ನನ್ನ ಅಭಿಪ್ರಾಯ ಕೇಳಿದರು. "ಅವನನ್ನ ಆರೋಪಿ ಮಾಡಿದರೆ ಅವನ ಬಾಯಿ ಮುಚ್ಚುತ್ತೆ ಸಾರ್" ಎಂದೆ. "ಇವನು ಹಾದಿ ತೋರಿಸಿದ, ಆದರೆ ಅಂಗಡಿ ಇಟ್ಟವನು ಇವನಲ್ಲ. ಇವನೂ ನುಂಗಿದವನೇ."

ಅವರು ವಿನಯ್ ಸಾಹೇಬರಿಗೆ ಬಿಡಿಸಿ ಹೇಳಿದ ಮಾತನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು. "ಕೊಲೆಯಲ್ಲದ ನರಹತ್ಯೆ ಅಂತ ಸಾಬೀತು ಮಾಡಬೇಕಾದರೆ, ಇದರಿಂದ ಸಾವು ಬರಬಹುದು ಅಂತ ಕೊಟ್ಟವನಿಗೆ ಗೊತ್ತಿತ್ತು ಅಂತ ತೋರಿಸಬೇಕು. ಇಲ್ಲದಿದ್ದರೆ ಅವನ ವಕೀಲ, 'ನುಂಗಿದ್ದು ಅವನ ಕೈ, ಅವನ ಬಾಯಿ' ಅಂತಾನೆ. ಲೋಕಿಗೆ ಗೊತ್ತಿತ್ತಾ? ಅದನ್ನ ಹೇಳಬಲ್ಲವನು ಯಾರು?"

ಹೇಳಬಲ್ಲವನು ತಿಪ್ಪೇಶನೊಬ್ಬನೇ. ಅಂಜಿನಿ ಸಾಯುವುದಕ್ಕೆ ಸ್ವಲ್ಪ ದಿನ ಮೊದಲು ಸವಳಂಗದಲ್ಲಿ ತಿಪ್ಪೇಶನೇ ಆ ಮಾತ್ರೆ ನುಂಗಿ ಬಿದ್ದಿದ್ದನೆಂದು ಜೊತೆಯ ಕೂಲಿಗಳಿಂದ ತಿಳಿದಿತ್ತು. ನಾನು ಸೀರೆಯುಟ್ಟು ಸವಳಂಗಕ್ಕೆ ಬಸ್ಸಿನಲ್ಲಿ ಹೋಗಿ, ಅವನು ಬಿದ್ದಿದ್ದ ಒಕ್ಕಣೆ ಕಣದ ಹತ್ತಿರ ಚಹಾ ಮಾರುವ ಗೌರಕ್ಕನ ಹೋಟೆಲಿನಲ್ಲಿ ಕೂತೆ. ಎರಡನೇ ಚಹಾದ ಹೊತ್ತಿಗೆ ಅವಳೇ ಹೇಳಿದಳು. "ಹೂಂ, ಒಬ್ಬ ಬಿದ್ದಿದ್ದ. ಬೈಕಿನವನೊಬ್ಬ ನೀರು ಹಾಕ್ತಿದ್ದ. ಆಸ್ಪತ್ರಿಗೆ ಕರ್ಕೊಂಡು ಹೋಗ್ರಪ್ಪಾ ಅಂದೆ. ಬಿಸಿಲು ಹತ್ತೈತೆ, ನೀನು ಸುಮ್ಕಿರಕ್ಕ ಅಂದ. ನಾ ನಿಂಬೆಹಣ್ಣು ಕೊಟ್ಟೆ." ಲೋಕಿಯ ಫೋಟೋ ತೋರಿಸಿದರೆ, ಬೈಕಿನವನು ಇವನೇ ಎಂದು ಗುರುತನ್ನೂ ಹಿಡಿದಳು. ಆದರೆ ಮಾತ್ರೆಯ ಸಂಗತಿ ಅವಳಿಗೆ ತಿಳಿಯದು. ಉಳಿದದ್ದು ತಿಪ್ಪೇಶನ ಬಾಯಲ್ಲೇ ಬರಬೇಕಿತ್ತು.

ಅವನನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆಗೆ ಸೇರಿಸಿದೆವು. ಸಾಕ್ಷಿ ಎಂದು ಹೆಸರು ಹಾಕಿದೆವು. ಹಾಲಮ್ಮ ನನ್ನ ಜೊತೆ ಮಾತು ಬಿಟ್ಟಳು. "ನೀನೂ ಅವನ ಕಡೆ ಆದೆ" ಎಂದಳು. ಆ ಮಾತು ನನಗೆ ಚುಚ್ಚಿತು. ಆದರೂ ನಾನು ಮಾಡಿದ್ದು ಸರಿ ಎಂದು ಅವತ್ತೂ ಗೊತ್ತಿತ್ತು, ಇವತ್ತೂ ಗೊತ್ತು.

ವಿಚಾರಣೆ ಶುರುವಾಗುವ ಹೊತ್ತಿಗೆ ವರ್ಷಗಳೇ ಕಳೆದವು. ಕೋರ್ಟ್ ಡ್ಯೂಟಿ ನನ್ನದು, ಸಾಕ್ಷಿಗಳನ್ನು ಸಮಯಕ್ಕೆ ಮುಟ್ಟಿಸುವ ಕೆಲಸ. ಜನ ಇದನ್ನು ಹಗುರ ಕೆಲಸ ಎಂದುಕೊಳ್ಳುತ್ತಾರೆ. ಇಡೀ ಠಾಣೆ ಬೆವರು ಸುರಿಸಿ ಕಟ್ಟಿದ ಕೇಸು ಒಬ್ಬ ಸಾಕ್ಷಿ ಬಸ್ಸು ಹತ್ತದಿದ್ದರೆ ಬಿದ್ದುಹೋಗುತ್ತದೆ. ತಿಪ್ಪೇಶ ಬಸ್ಸು ಹತ್ತಲಿಲ್ಲ. ಮುಂದಿನ ತಾರೀಖು ಕೊಟ್ಟರು. ಸಮನ್ಸ್ ಹಿಡಿದು ಊರಿಗೆ ಹೋದರೆ ಮನೆಗೆ ಬೀಗ. ಕೆರೆಬಿಳಚಿಯಲ್ಲಿ ಹೆಂಡತಿಯ ಜೊತೆ ಕೂಲಿಗೆ ಹೋಗಿದ್ದಾನೆಂದು ತಿಳಿದು ಅಲ್ಲಿಗೆ ಹೋದೆ. ಲಾರಿಗೆ ಚೀಲ ತುಂಬುತ್ತಿದ್ದವನು ನನ್ನನ್ನು ಕಂಡು ಚೀಲ ಕೆಳಗಿಟ್ಟ.

"ಮೇಡಮ್ಮೋರೇ, ನಾ ಬರಂಗಿಲ್ಲ. ಹೊಸದಾಗಿ ಮದುವೆ ಆಗೇನಿ. ನಾ ಮಾತ್ರಿ ನುಂಗ್ತಿದ್ದೆ ಅಂತ ನಮ್ಮಾಕಿಗೆ ಗೊತ್ತಿಲ್ಲ. ಕೋರ್ಟ್ನಾಗೆ ವಕೀಲ ಎಲ್ಲಾ ಕೆದಕ್ತಾನೆ. ಆಮೇಲೆ ಆಕಿ ಅಪ್ಪನ ಮನೆಗೆ ಹೋದ್ರೆ?"

"ವಕೀಲ ಹೇಳೋದಕ್ಕಿಂತ ಮುಂಚೆ ನೀನೇ ಹೇಳು" ಎಂದೆ. "ಕೋರ್ಟಿನಲ್ಲಿ ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ ತಿಪ್ಪೇಶ. ಅದು ತಪ್ಪು. ನೀ ಕಂಡದ್ದು ನಿಂದು. ಆದರೆ ಮನೆಯಲ್ಲಿ ಹೇಳು. ಬೇಕಾದರೆ ನಾನೂ ಕೂತಿರ್ತೀನಿ."

ಅವನ ಹೆಂಡತಿ ಕವಿತಾ ಬುತ್ತಿ ತಂದಿದ್ದಳು. ಮರದ ನೆರಳಲ್ಲಿ ಕೂತು, ತಲೆ ಬಗ್ಗಿಸಿಕೊಂಡು ಎಲ್ಲ ಹೇಳಿದ. ಆ ಹುಡುಗಿ ರೊಟ್ಟಿ ಮುರಿಯುತ್ತಾ ಕೇಳಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಈಗ ನುಂಗ್ತಾನೇನ್ರಿ ಇವನು?"

"ಇಲ್ಲಮ್ಮ. ಬಿಟ್ಟು ಎಷ್ಟೋ ಕಾಲ ಆಯ್ತು. ಡಾಕ್ಟರ್ ಹತ್ತಿರ ನಾನೇ ಕೇಳಿದ್ದೀನಿ."

"ಮತ್ತೇನು ರೋಗ ನಿನಗೆ ಹೇಳಾಕೆ?" ಎಂದು ಗಂಡನನ್ನು ಗದರಿದಳು. "ಅವತ್ತು ಬಿದ್ದೋನು ಎದ್ದೀಯಲ್ಲ, ಏಳದೇ ಇದ್ದೋನ ಪರವಾಗಿ ಯಾರು ಹೇಳಬೇಕು? ನಡಿ, ನಾನೂ ಬರ್ತೀನಿ. ಕೋರ್ಟು ಹೆಂಗಿರ್ತೈತೆ ನಾನೂ ನೋಡ್ತೀನಿ."

ದಾವಣಗೆರೆಯ ಕೋರ್ಟಿಗೆ ಅವರಿಬ್ಬರೂ ಬಂದರು. ಹಾಲಮ್ಮ ಕಡೆಯ ಬೆಂಚಿನಲ್ಲಿ ಕೂತಿದ್ದಳು, ತಿಪ್ಪೇಶನ ಕಡೆ ನೋಡಲಿಲ್ಲ. ಲೋಕಿಯ ವಕೀಲರು ನಾವು ಎಣಿಸಿದ ಹಾಗೆಯೇ ಕೇಳಿದರು.

"ನಿನ್ನ ಬಾಯಿಗೆ ಯಾರಾದರೂ ಬಲವಂತವಾಗಿ ಮಾತ್ರೆ ಹಾಕಿದರೇನಪ್ಪ?"

"ಇಲ್ಲ ಸಾರ್. ನಾನೇ ನುಂಗ್ದೆ."

"ಅಂಜಿನಿಯೂ ತಾನೇ ನುಂಗಿದ."

"ಹೌದು ಸಾರ್."

"ಹಾಗಾದರೆ ನನ್ನ ಕಕ್ಷಿದಾರನ ತಪ್ಪೇನು?"

ತಿಪ್ಪೇಶ ಲೋಕಿಯ ಕಡೆಗೆ ಕೈ ಮಾಡಿದ.

"ಸವಳಂಗದಾಗೆ ನಾ ಬಿದ್ದಾಗ ನೀರು ಹಾಕಿ ಎಬ್ಬಿಸಿದೋನು ಇವನೇ ಸಾರ್. ಎದ್ದ ಮೇಲೆ ನನ್ನ ಕೆನ್ನೆಗೆ ಹೊಡೆದು, 'ಇನ್ನೊಂದು ನುಂಗಿದ್ರೆ ಹೆಣ ಆಗ್ತಿದ್ದೆ ಮಗನೇ, ಯಾರಿಗೂ ಬಾಯಿ ಬಿಡಬೇಡ' ಅಂದ. ನಾನು ಸಾಯ್ತೀನಿ ಅಂತ ಇವನಿಗೆ ಗೊತ್ತಿತ್ತು ಸಾರ್. ಹಿಂಗಂದ ಬಾಯಾಗೇ ಅಂಜಿನಿಗೆ, 'ಇದು ಅದಕ್ಕಿಂತ ಜೋರು, ಏನೂ ಆಗಂಗಿಲ್ಲ, ತಗೋ' ಅಂದ. ನಾನು ಪಕ್ಕದಾಗೇ ಇದ್ದೆ. ಬ್ಯಾಡ ಅನ್ನಲಿಲ್ಲ. ಅದು ನನ್ನ ತಪ್ಪು. ಕೊಟ್ಟಿದ್ದು ಇವನ ತಪ್ಪು."

ನ್ಯಾಯಾಧೀಶರು ಆ ಮಾತನ್ನು ಅವನ ಮಾತಿನಲ್ಲೇ ಬರೆಸಿದರು. ನಾನು ತಿರುಗಿ ನೋಡಿದಾಗ ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆದರೆ ಆ ದಿನವೂ ಅವಳು ತಿಪ್ಪೇಶನ ಹತ್ತಿರ ಹೋಗಲಿಲ್ಲ. ಬೇರೆ ಬಸ್ಸು ಹಿಡಿದು ಊರಿಗೆ ಹೋದಳು.

ತೀರ್ಪು ಬಂತು. ಬರೀ ಕಳ್ಳ ಮಾರಾಟ ಅಲ್ಲ, ಕೊಲೆಯಲ್ಲದ ನರಹತ್ಯೆ. ಕೊಟ್ಟವನಿಗೆ ಅಪಾಯ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟ ಎಂದು ನ್ಯಾಯಾಧೀಶರು ಓದಿದರು. ಏಳು ವರ್ಷ ಸಜೆ. ಶಿವಾನಂದ ಸಾಹೇಬರು ಆಗಲೇ ನಿವೃತ್ತರಾಗಿದ್ದರು. ಫೋನ್ ಮಾಡಿ ತಿಳಿಸಿದರೆ, "ಶಾರದಮ್ಮಾ, ಕೆರೆ ನೀರು ತಣ್ಣಗಿತ್ತೇನು ಅವತ್ತು?" ಎಂದು ನಕ್ಕರು. ಯಾವ ಪದಕಕ್ಕಿಂತಲೂ ಆ ನಗು ನನಗೆ ದೊಡ್ಡದು. ಬೇರೆಯವರು ಏನೇ ಅನ್ನಲಿ, ಇದು ನಾವು ಮಾಡಿದ ಒಳ್ಳೆಯ ಕೆಲಸ. ಎದೆ ಮುಟ್ಟಿಕೊಂಡು ಹೇಳುತ್ತೇನೆ.

ನಾನು ನಿವೃತ್ತಳಾದ ಮೇಲೆ, ಒಂದು ಮಧ್ಯಾಹ್ನ ತಿಪ್ಪೇಶನ ಫೋನ್ ಬಂತು. ಅವನು ಊರಿನ ಒಕ್ಕಣೆ ಕಣದಿಂದ ಮಾತಾಡುತ್ತಿದ್ದ, ಹಿಂದೆ ಮಿಷನ್ನಿನ ಸದ್ದು.

"ಮೇಡಮ್ಮೋರೇ, ಯಾವನೋ ಹೊಸಬ ಬಂದಾನೆ. ಮೈನೋವಿಗೆ ಮಾತ್ರಿ ಐತೆ ಅಂತ ಹುಡುಗ್ರಿಗೆ ಕೊಡಾಕೆ ಹತ್ತಿದ್ದ. ಹಾಲವ್ವ ಅವನ ಬೈಕಿನ ಕೀಲಿ ಕಿತ್ಕೊಂಡು ಸೊಂಟಕ್ಕೆ ಸಿಗಿಸಿಕೊಂಡು ಕುಂತಾಳೆ. ಕೊಡು ಅಂದ್ರೆ ಕೊಡವಲ್ಲಳು. ನಾನೂ ಆಕಿ ಪಕ್ಕದಾಗೆ ಕುಂತೀನಿ. ಠಾಣಿ ನಂಬರ್ ಕೊಡ್ರಿ."

ನಂಬರ್ ಕೊಟ್ಟೆ. ಜೀಪು ಬರುವವರೆಗೂ ಹಾಲಮ್ಮ ಅಲ್ಲಿಂದ ಏಳಲಿಲ್ಲವಂತೆ. ಜೀಪಿನಲ್ಲಿ ಬಂದ ಪೊಲೀಸರು ಆ ಹೊಸಬನನ್ನು ಜೀಪಿಗೆ ಹತ್ತಿಸಿದರು. ಆಮೇಲೆ ಅವಳು ಕೀಲಿಯನ್ನು ಅವರ ಕೈಗೆ ಕೊಟ್ಟು, ತಿಪ್ಪೇಶನನ್ನು ಕರೆದುಕೊಂಡು ಊಟಕ್ಕೆ ಮನೆಗೆ ಹೋದಳು.